ಬೇಡ ಅನ್ನಲು ಬಾರದ ವರ್ಷ

ಬಸ್ಸಿನಿಂದ ಇಳಿದು, ಟ್ರಂಕು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಚಹಾದಂಗಡಿಯವನು ಲೋಟ ತೊಳೆಯುತ್ತಲೇ ಕೇಳಿದ, "ಕನ್ನಡದ ಟೀಚರಾ?" ಹೌದು ಅಂದೆ. "ಹಂಗಾದ್ರೆ ದಿನಾ ಬಾಯಿಗೆ ಬೇಕಾಗೋ ಮಾತೆಲ್ಲ ಕೊನೆಗೆ ಇಟ್ಕೊಳ್ಳಿ ಅಕ್ಕಾ. ಹಿಂದೆ ಇದ್ದ ಮೇಡಮ್ಮು ಬಂದ ವಾರಾನೇ 'ಸಕ್ಕರೆ' ಕಲಿಸಿಬಿಟ್ರು. ಮಳೆಗಾಲ ಪೂರ್ತಿ ನನ್ನ ಡಬ್ಬಿ ಕಡೆ ಬೊಟ್ಟು ಮಾಡ್ಕೊಂಡೇ ಚಾ ಕುಡಿದ್ರು ಪಾಪ." ನಾನು ನಕ್ಕೆ. ಅವನು ನಗಲಿಲ್ಲ. ಲೋಟ ಬೋರಲು ಹಾಕಿ, ಶಾಲೆಯ ದಾರಿ ತೋರಿಸಿದ.

ಊರೆಲ್ಲ ಬಿಳಿ. ಸುತ್ತ ಸುಣ್ಣದ ಕಲ್ಲು ಸುಡುವ ಗೂಡುಗಳು. ಗಾಳಿ ಯಾವ ಕಡೆಯಿಂದ ಬೀಸಿದರೂ ಪುಡಿ ಹೊತ್ತು ತರುತ್ತಿತ್ತು. ಬೇವಿನ ಎಲೆ ಬಿಳಿ, ಕತ್ತೆ ಬಿಳಿ, ಹುಡುಗರ ಹುಬ್ಬು ಬಿಳಿ. ಜನ ತಮ್ಮದೇ ಒಂದು ಮನೆಮಾತು ಆಡುತ್ತಿದ್ದರು. ಅದಕ್ಕೆ ಲಿಪಿಯಿಲ್ಲ, ಅವರು ಅದಕ್ಕೊಂದು ಹೆಸರೂ ಇಟ್ಟಿರಲಿಲ್ಲ. ಕನ್ನಡ ಅಲ್ಲಿಗೆ ಬರುತ್ತಿದ್ದದ್ದು ಲಾರಿಯಲ್ಲಿ, ಗೂಡಿನ ಲೆಕ್ಕ ನೋಡುವ ಮುನ್ಷಿಯ ಬಾಯಲ್ಲಿ, ಮತ್ತೆ ಶಾಲೆಯಲ್ಲಿ. ಲಾರಿಯಿಂದ ಬಂದ ಮಾತುಗಳು ಮಕ್ಕಳಿಗೆ ಮೊದಲೇ ಗೊತ್ತಿದ್ದವು: ಬಾ, ಹೊರು, ಬೇಗ, ಸಾರ್, ಹೂಂ. ಬೀದಿಯಲ್ಲಿ ಸಿಕ್ಕುವ ಮಾತನ್ನು ಕಲಿಸಿದರೆ ಟೀಚರಿಗೆ ಏನೂ ಆಗುತ್ತಿರಲಿಲ್ಲ. ಮಕ್ಕಳು ಅವರ ಒಬ್ಬರ ಬಾಯಿಂದಲೇ ಕಲಿಯಬೇಕಾದ ಮಾತು ಮಾತ್ರ, ಕಲಿಸಿದ ಕೂಡಲೇ ಅವರ ಬಾಯಿಂದ ಹೊರಟುಹೋಗುತ್ತಿತ್ತು. ಕಲಿತ ಮಗು ಯಾರೂ ಹೇಳಿಕೊಡದೆ, ತನಗೇ ಬೇಕಾಗಿ, ಅದನ್ನು ಆಡುವವರೆಗೆ ಅದು ಟೀಚರಿಗೆ ವಾಪಸು ಬರುತ್ತಿರಲಿಲ್ಲ. ತರಗತಿಯಲ್ಲಿ ಒಟ್ಟಾಗಿ ಕೂಗಿ ಒಪ್ಪಿಸಿದ್ದು ಲೆಕ್ಕಕ್ಕಿಲ್ಲ. ಹೀಗಾಗಿ ಊರಿನವರು ಮಳೆ ಬಂತಾ ಅಂತ ಕೇಳುವ ಹಾಗೆ ಕೇಳುತ್ತಿದ್ದರು: "ಟೀಚರೇ, ಇವತ್ತು ಯಾವ್ದು ಬಂತು?"

ನಾನು ಬಂದಾಗ ಶಾಲೆಯಲ್ಲಿ ಇದ್ದವರು ಹಂಪಣ್ಣ ಮೇಷ್ಟ್ರು ಒಬ್ಬರೇ. ಅವರೂ ನನ್ನ ಹಾಗೆ ಕನ್ನಡ ಎಂ.ಎ. ಕೂದಲು ನರೆತಿತ್ತು, ಮಾತು ಮಾತ್ರ ತುಂಬಿದ ಕಣಜ. ಏನೂ ಕಳೆದುಕೊಂಡ ಹಾಗೆ ಕಾಣುತ್ತಿರಲಿಲ್ಲ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಗುಟ್ಟು ಹೇಳಿದರು. "ನೋಡಮ್ಮ ಸಾವಂತ್ರಿ, ಸಿಂಹಾಸನ ಕಲಿಸು. ಕಿರೀಟ ಕಲಿಸು. ಐರಾವತ, ಸುವರ್ಣ ಪಲ್ಲಕ್ಕಿ, ಏನು ಬೇಕೋ ಕಲಿಸು. ಅವು ಹೋದ್ರೆ ನಿನಗೇನು? ದಿನಾ ಪಲ್ಲಕ್ಕೀಲಿ ಕೂತ್ಕೊಂಡು ಬರ್ತೀಯಾ? ನನ್ನವಂತೂ ಹುಡುಗರು ರಾಜನ ಆಟ ಆಡುವಾಗ ವಾಪಸು ಬಂದ್ವು."

"ಮಕ್ಕಳಿಗೇನು ಉಪಯೋಗ ಸಾರ್?"

"ಪರೀಕ್ಷೇಲಿ ಬರುತ್ತಲ್ಲ." ಮೇಷ್ಟ್ರು ನಶ್ಯದ ಡಬ್ಬಿ ಮುಚ್ಚಿದರು. "ನಾನೂ ಬಂದ ಹೊಸದರಲ್ಲಿ ನಿನ್ನ ಹಾಗೇ ಇದ್ದೆ. ಒಂದು ಹೂವಿನ ಹೆಸರು ಕಲಿಸಿದೆ. ಆ ಹೂವು ಈ ಸುಣ್ಣದೂರಲ್ಲಿ ಎಲ್ಲಿ ಬಿಡುತ್ತೆ, ಯಾವ ಮಗು ಅದನ್ನ ಆಡುತ್ತೆ? ಇವತ್ತಿಗೂ ಹೆಂಡತಿ ಪೇಟೆಯಿಂದ ತರೋಕೆ ಹೇಳಿದ್ರೆ 'ಆ ಬಿಳೀದು, ಮೊಳದ ಲೆಕ್ಕ' ಅಂತ ಕೇಳಬೇಕು. ಹೂವಿನವಳು ಸುಗಂಧರಾಜ ಕಟ್ಟಿ ಕೊಡ್ತಾಳೆ."

ನಾನು ಜೋಳದ ಸೀಮೆಯವಳು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಕನ್ನಡ ಎಂ.ಎ. ಮಾಡಿದವರಿಗೆ ಮೇಷ್ಟ್ರಾಗುವುದು ಬಿಟ್ಟರೆ ಇನ್ನೇನು ದಾರಿ ಎಂದು ಎಲ್ಲರೂ ಕನಿಕರದಿಂದ ಕೇಳುತ್ತಿದ್ದರು. ನನಗದು ಬೇರೆ ದಾರಿಯಿಲ್ಲದೆ ಹಿಡಿದ ದಾರಿಯಾಗಿರಲಿಲ್ಲ. ಬಿ.ಎಡ್. ಮುಗಿಸಿ ಎರಡು ಕಡೆ ಅರ್ಜಿ ಹಾಕಿ ಕಾದಿದ್ದೆ. ಇಲ್ಲಿ ಕೊಟ್ಟಿದ್ದು ಒಂದು ವರ್ಷದ ಅತಿಥಿ ಶಿಕ್ಷಕಿಯ ಕೆಲಸ. ವರ್ಷದ ಕೊನೆಗೆ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡುತ್ತಾರೆ. ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಟ್ರಂಕು ಎತ್ತಿಕೊಂಡು ಊರಿಗೆ. ಊರಲ್ಲಿ ಅಣ್ಣ ಯಂಕಪ್ಪ ಆಗಲೇ ನನಗೆ ಗಂಡು ಹುಡುಕುತ್ತಿದ್ದ. ಇಂಥದ್ದರಲ್ಲಿ ಸಿಂಹಾಸನ, ಕಿರೀಟ ಕಲಿಸಿ ಮಾತು ಉಳಿಸಿಕೊಂಡು ಜಾಣೆಯಾಗುವುದೇ ಸರಿ ಎಂದು ನನಗೂ ಒಂದು ವಾರ ಅನಿಸಿತು.

ಆ ವಾರ ಮುಗಿಯುವುದರೊಳಗೆ ನಾನಿದ್ದ ಮನೆಯ ಒಡತಿ ಗಾಳೆಮ್ಮ ತನ್ನ ಗಂಡನ ಕಥೆ ಹೇಳಿದಳು. ಅವಳದು ಸಂತೆಯಲ್ಲಿ ಹುಣಸೆಹಣ್ಣು ಮಾರಿ ಕಲಿತ ಕನ್ನಡ. ಗಂಡ ಅಂಗಳದಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದ. ಒಂದು ಕಣ್ಣು ಮುಚ್ಚಿತ್ತು. "ಇವಂದು ಕಣ್ಣಿಗೆ ಸುಣ್ಣ ಬಿತ್ತು. ಗೂಡಿನ ಲಾರಿ ಹತ್ತಿ ಒಬ್ನೇ ಆಸ್ಪತ್ರೆಗೆ ಹೋದ. ಕಾಂಪೌಂಡರು ಏನು, ಏನಾಯ್ತು ಅಂತ ಕೇಳ್ತಾನೆ. ಇವನಿಗೆ ಶಾಲೇಲಿ ಕಲಿತ ಕನ್ನಡ ಐತಲ್ಲ, ಅದು ಹೇಳಿದ." ಅಷ್ಟು ಹೇಳಿ ಗಾಳೆಮ್ಮ ನಗಲು ಶುರುಮಾಡಿದಳು. "ಏನು ಹೇಳಿದ ಗೊತ್ತಾ? 'ಮಹಾರಾಜರಿಗೆ ಜಯವಾಗಲಿ' ಅಂದ. ಕಾಂಪೌಂಡರು ನಕ್ಕ, ಸಾಲಲ್ಲಿದ್ದೋರು ನಕ್ಕರು. ಕೊನೆಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ."

ಹಗ್ಗ ಹೊಸೆಯುತ್ತಿದ್ದವನೂ ನಗುತ್ತಿದ್ದ. ಹಂಪಣ್ಣ ಮೇಷ್ಟ್ರ ಕೈಯಲ್ಲಿ ಕಲಿತವನು. ನನಗೆ ನಗು ಬರಲಿಲ್ಲ.

ಮರುದಿನ ಬೋರ್ಡಿನ ಮೇಲೆ 'ಕಣ್ಣು' ಬರೆದೆ. ಓದಿಸಿದೆ. ಮಕ್ಕಳು ಒಟ್ಟಾಗಿ ಕೂಗಿದರು. ನಾಲ್ಕನೇ ಸಲ ನಾನು ಹೇಳಹೊರಟರೆ ಬಾಯಿ ಖಾಲಿ. ಹಲ್ಲು ಉದುರಿದ ಜಾಗಕ್ಕೆ ನಾಲಿಗೆ ತಾಗಿದ ಹಾಗಾಯಿತು. ಬರೆಯಲು ಹೋದರೆ ಸೀಮೆಸುಣ್ಣ ಕೈಯಲ್ಲೇ ನಿಂತಿತು. ಹಿಂದೆಯೇ 'ಉರಿ' ಕೊಟ್ಟೆ, 'ನೋವು' ಕೊಟ್ಟೆ, 'ನೀರು' ಕೊಟ್ಟೆ, 'ಹೊಗೆ' ಕೊಟ್ಟೆ. ಶಾಲೆ ಬಿಡುವ ಹೊತ್ತಿಗೆ ನಾನು ಅರ್ಧ ಮೂಗಿ.

ಭಾಷೆ ಓದಿದವಳಿಗೆ ಒಂದು ಸೊಕ್ಕಿರುತ್ತದೆ: ಒಂದು ಮಾತು ಹೋದರೆ ಅದರ ಜಾಗದಲ್ಲಿ ಇನ್ನೊಂದು ಇದೆ ಎಂಬ ಸೊಕ್ಕು. ಮನೆಗೆ ಬಂದು ಗಾಳೆಮ್ಮನಿಗೆ, "ಸ್ವಲ್ಪ ಉದಕ ಕೊಡಮ್ಮ" ಅಂದೆ. ಗಾಳೆಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ, ಯಾರು ತೀರ್ಕೊಂಡ್ರು ಟೀಚರೇ?" ಸಂತೆಯಲ್ಲಿ ಅವಳು ಆ ಮಾತು ಕೇಳಿದ್ದದ್ದು ತಿಥಿಯ ಸಾಮಾನು ಕೊಳ್ಳುವವರ ಬಾಯಲ್ಲಿ ಮಾತ್ರ. ಆಮೇಲೆ ನಾನು ಚೊಂಬು ತೋರಿಸುವುದೇ ರೂಢಿಯಾಯಿತು.

'ನೀರು' ಬೇಗ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಹುಡುಗ ಬಿಸಿಲಿಗೆ ಬಾಯೊಣಗಿ, ಗೇಟಿನ ಹತ್ತಿರ ನಿಂತಿದ್ದ ಲಾರಿಯ ಕ್ಲೀನರಿಗೆ "ಅಣ್ಣಾ, ನೀರು ಕೊಡು" ಅಂದನಂತೆ. ನಾನು ಒಳಗೆ ಹಾಜರಿ ಹಾಕುತ್ತಿದ್ದೆ. ನಾಲಿಗೆಯ ತುದಿಗೆ ಏನೋ ತಣ್ಣಗೆ ತಾಗಿತು. ಎದ್ದು ನಿಂತು ಗೋಡೆಗೆ ಹೇಳಿದೆ: "ನೀರು! ನೀರು!" ಹಂಪಣ್ಣ ಮೇಷ್ಟ್ರು ಪಕ್ಕದ ಕೋಣೆಯಿಂದ ಕೂಗಿದರು, "ಬಂತೇನಮ್ಮಾ? ಸಂತೋಷ. ಕುಡಿದು ಮಲಗು."

ಹೀಗೆ ಹೋಗುವುದು, ಬರುವುದು. ನಾನು ಬೇಕಾದ ಮಾತುಗಳನ್ನೇ ಕಲಿಸುತ್ತ ಹೋದೆ. ತಪ್ಪಿದ್ದು ದಸರೆ ರಜೆಗೆ ಮುಂಚೆ. ಬೇಸಿಗೆ ಹತ್ತಿರವಾದಾಗ ಗೂಡಿಗೆ ಬೆಂಕಿ ಹಾಕುವ ಸುಗ್ಗಿ. ಆಗ ಮುನ್ಷಿ ಶಾಲೆಯ ಗೇಟಿಗೇ ಬಂದು ದೊಡ್ಡ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ, ಮಕ್ಕಳು ಹೂಂ ಅಂದು ಎದ್ದು ಹೋಗುತ್ತಾರೆ ಎಂದು ಗೊತ್ತಾಗಿತ್ತು. "ಬರಲ್ಲ ಅನ್ನಬಾರದಾ?" ಎಂದು ಗಾಳೆಮ್ಮನನ್ನು ಕೇಳಿದ್ದೆ. ಅವಳು ಅಂದಿದ್ದಳು, "ನಮ್ಮ ಮಾತಲ್ಲಿ ನಾವು ಮನಸಿನೊಳಗೇ ಅಂತೀವಿ. ಕನ್ನಡದಲ್ಲಿ ಬರೇ ಹೂಂ."

ಹಾಗಾದರೆ ಇದನ್ನು ಕಲಿಸದೆ ಬಿಡುವುದಿಲ್ಲ ಎಂದುಕೊಂಡೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಬೇಡ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಪರೀಕ್ಷೆಗಳಲ್ಲಿ ಸಮಾನಾರ್ಥಕ ಪದ ಬರೆದು ಬರೆದು ಬೆಳೆದ ಕೈ. ಬೇಡದ ಪಕ್ಕದಲ್ಲಿ 'ಒಲ್ಲೆ', ಅದರ ಪಕ್ಕದಲ್ಲಿ 'ಸಾಕು' ಬರೆದು, ಕೆಳಗೆ ಗೆರೆ ಎಳೆದು, ಮಕ್ಕಳಿಂದ ಮೂರನ್ನೂ ಹೇಳಿಸಿದೆ. ತಿರುಗಿ ನೋಡಿದರೆ ಹಂಪಣ್ಣ ಮೇಷ್ಟ್ರು ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಏನು ಕೆಲಸ ಮಾಡಿದೆ ಮಾರಾಯ್ತಿ! ಅಣ್ಣತಮ್ಮಂದಿರನ್ನೆಲ್ಲ ಒಂದೇ ದಿನ ಕಳಿಸ್ತಾರಾ? ಮನೇಲಿ ಒಬ್ಬನನ್ನಾದ್ರೂ ಇಟ್ಕೋಬಾರದಾ?"

ಆಗ ನನಗೆ ಅದರ ಭಾರ ತಿಳಿಯಲಿಲ್ಲ. ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ. ಗಾಳೆಮ್ಮ ಮೂರನೇ ರೊಟ್ಟಿ ಹಾಕಿದಳು. ಕೈ ಅಡ್ಡ ಹಿಡಿದೆ. ನಾಚಿಕೆ ಎಂದುಕೊಂಡು ಕೈಯ ಪಕ್ಕದಿಂದ ನಾಲ್ಕನೆಯದನ್ನೂ ಹಾಕಿದಳು. "ಹೊಟ್ಟೆ ತುಂಬಿದೆ" ಅಂದೆ. "ತುಂಬಿದ ಹೊಟ್ಟೇಲಿ ಒಂದು ರೊಟ್ಟಿಗೆ ಜಾಗ ಇರ್ತದೆ" ಅಂದಳು. ನಮ್ಮೂರ 'ಬ್ಯಾಡ'ವಾದರೂ ಉಳಿದಿರಬಹುದೆಂದು ಹುಡುಕಿದೆ. ಅದೂ ಒಂದೇ ಬೇರಿನದು, ಜೊತೆಗೇ ಹೋಗಿತ್ತು. ಹಂಪಣ್ಣ ಮೇಷ್ಟ್ರು ನನಗೆ ಕೋಳಿ ಗಣತಿಯ ಕೆಲಸ ಹಚ್ಚಿದರು. "ನನಗೆ ಸಮಯ ಇಲ್ಲ ಸಾರ್" ಅಂದರೆ, "ಭಾನುವಾರ ಮಾಡು." "ಕೋಳಿ ಕಂಡ್ರೆ ನನಗೆ ಹೆದರಿಕೆ" ಅಂದರೆ, "ದೂರದಿಂದ ಎಣಿಸು." ಇಲ್ಲ, ಆಗೋದಿಲ್ಲ, ಇಷ್ಟವಿಲ್ಲ, ಇವೆಲ್ಲ ನನ್ನ ಬಾಯಲ್ಲಿ ಇನ್ನೂ ಇದ್ದವು. ಅವೆಲ್ಲ ಕಾರಣ ಕೊಡುವ ಮಾತುಗಳು. ಕಾರಣಕ್ಕೆ ಎದುರಿನವರ ಹತ್ತಿರ ಯಾವಾಗಲೂ ಒಂದು ಉತ್ತರ ಇರುತ್ತದೆ. ಬಾಗಿಲು ಹಾಕುವ ಮಾತೇ ಬೇರೆ. ಅದು ಹೋದ ಮೇಲೆ ನನ್ನ ಮನೆಗೆ ಬಾಗಿಲೇ ಇರಲಿಲ್ಲ.

ತರಗತಿಯಲ್ಲೂ ಅಷ್ಟೇ. ಗಲಾಟೆ ಮಾಡಬೇಡಿ, ಓಡಬೇಡಿ, ಗೋಡೆ ಮೇಲೆ ಗೀಚಬೇಡಿ, ಟೀಚರೊಬ್ಬಳ ದಿನದ ಅರ್ಧ ಮಾತು ಅದೇ. ನನ್ನ ಬಾಯಿಂದ ಅದು ಹೊರಡಲಿಲ್ಲ. ಗೋಡೆಯ ಮೇಲೆ ಗೀಚುತ್ತಿದ್ದ ಹುಡುಗನ ಪಕ್ಕದಲ್ಲಿ ಹೋಗಿ ನಿಂತು, ಬೇರೆ ದಾರಿ ಕಾಣದೆ, "ಏನು ಬರೀತಿದ್ದೀಯ?" ಎಂದು ಕೇಳಿದೆ. ಅವನು ಹೆದರಿಕೆಯಿಂದ ಒಮ್ಮೆ ನೋಡಿ, ಆಮೇಲೆ ಹೇಳಿದ. ಮಕ್ಕಳಿಗೆ ಅಭ್ಯಾಸವಾಗಿ ಹೋಯಿತು: ಈ ಟೀಚರು ತಡೆಯುವುದಿಲ್ಲ, ಕೇಳುತ್ತಾಳೆ. ಶಿಸ್ತು ಕೆಟ್ಟಿತೆಂದು ಹಂಪಣ್ಣ ಮೇಷ್ಟ್ರು ಗೊಣಗಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಅಣ್ಣ ಬಂದ. ಕೈಯಲ್ಲಿ ಒಂದು ಫೋಟೊ. ಹುಡುಗನದು ಗೊಬ್ಬರದ ಅಂಗಡಿ, ಒಳ್ಳೇ ಮನೆತನ, ಒಂದೇ ಒಂದು ಷರತ್ತು: ಮನೆಗೆ ಬಂದ ಸೊಸೆ ಕೆಲಸಕ್ಕೆ ಹೋಗುವ ಹಾಗಿಲ್ಲ.

"ನನಗೆ ಮನಸ್ಸಿಲ್ಲ ಅಣ್ಣ."

"ಮನಸ್ಸು ಆಮ್ಯಾಲೆ ಬರ್ತೈತಿ. ನಿಮ್ಮತ್ತಿಗಿಗೂ ಇರ್ಲಿಲ್ಲ."

"ನಾನು ಇಷ್ಟು ಓದಿದ್ದು ಯಾಕೆ?"

"ಮಕ್ಕಳಾದ್ರ ಮನಿಯಾಗ ಕಲಸಾಕ. ಅವರಿಗೂ ಕನ್ನಡ ಬೇಕಲ್ಲ?"

"ಇಲ್ಲಿ ಕಾಯಂ ಆಗಬಹುದು."

"ಆಗಲಿ ನೋಡೂಣು. ಶಾಲಿ ಮುಗಿಯೂತನ ತಡೀರಿ ಅಂತ ಅವರಿಗೆ ಹೇಳ್ತೀನಿ. ಇನ್‌ಸ್ಪೆಕ್ಟ್ರು ಪಾಸು ಮಾಡಿದ್ರ ನಾ ಬಾಯಿ ತೆಗಿಯೂದಿಲ್ಲ. ಮಾಡ್ಲಿಲ್ಲಂದ್ರ ಅವತ್ತ ನನ್ನ ಸಂಗಾಟ ಬಂದುಬಿಡು."

ಒಪ್ಪಿಗೆಯಿಲ್ಲ ಎಂಬಂತೆ ತಲೆಯಾಡಿಸಿದೆ. ಬಾಯಿ ತೆರೆದೆ, ಮುಚ್ಚಿದೆ. ಈ ಊರಲ್ಲಿ ಕಲಿಸಿದ ಮಾತು ಹೋಗುವ ಸಂಗತಿ ಬಿಡಿಸಿ ಹೇಳಿದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂ.ಎ. ಓದಿ ಮಾತ ಕಳಕೊಂಡಿ ಅನ್ನು! ಇರ್ಲಿ ಬಿಡವ್ವಾ. ಬ್ಯಾಡ ಅಂತೂ ನೀ ಅನ್ಲಿಲ್ಲ. ಅಷ್ಟ ಸಾಕು ನನಗ." ಫೋಟೊವನ್ನು ನನ್ನ ಟ್ರಂಕಿನ ಮೇಲಿಟ್ಟು ಬಸ್ಸು ಹತ್ತಿದ.

ಅವನು ಹೋದ ಮಾರನೇ ದಿನದಿಂದ ನಾನು ಆ ಮಾತನ್ನು ವಾಪಸು ತರಿಸುವ ಹಟಕ್ಕೆ ಬಿದ್ದೆ. ಮಕ್ಕಳಿಗೆ ಮನೆಗೆಲಸ ದುಪ್ಪಟ್ಟು ಕೊಟ್ಟೆ, ಮಾಡಿಕೊಂಡು ಬಂದರು. ಭಾನುವಾರ ಶಾಲೆಗೆ ಬನ್ನಿ ಅಂದೆ, ಬಂದು ಕೂತರು. ಕೊನೆಗೆ ಕಿಟಕಿಯ ಪಕ್ಕದ ಬೇವಿನ ಮರದಿಂದ ಎಳೆ ಎಲೆ ಕಿತ್ತು ತಂದು, ಪುಡಿ ಝಾಡಿಸಿ, ಒಬ್ಬೊಬ್ಬರ ಮುಂದೆಯೂ ಹಿಡಿದೆ. "ತಿನ್ನಿ." ನನ್ನ ಕಣ್ಣು ಅವರ ತುಟಿಯ ಮೇಲೆ. ಮಕ್ಕಳು ತೆಗೆದುಕೊಂಡರು. ಅಗಿದರು. ಕಣ್ಣಲ್ಲಿ ನೀರು ಬಂತು, ಮುಖ ಹಿಂಡಿಹೋಯಿತು, ನುಂಗಿದರು. ಒಬ್ಬರೂ ಬಾಯಿಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಸುಂಕಮ್ಮ, ಗೂಡಿನ ಬಾಯಿಗೆ ಕಲ್ಲು ಹೊರುವವರ ಮಗಳು, ನುಂಗಿ ಮುಗಿಸಿ ನನ್ನನ್ನೇ ನೋಡುತ್ತ ಕೇಳಿದಳು, "ಟೀಚರ್, ಇನ್ನೂ ಇದೆಯಾ?" ಅವಳು ಕೇಳಿದ ರೀತಿಯಲ್ಲಿ ತುಂಟತನ ಇತ್ತೋ ವಿಧೇಯತೆ ಇತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಉಳಿದ ಎಲೆಗಳನ್ನು ಕಿಟಕಿಯಿಂದ ಹೊರಗೆಸೆದೆ. ಇನ್ನು ಇಂಥ ಕೆಲಸ ಮಾಡುವುದಿಲ್ಲ ಎಂದುಕೊಂಡು ಪಾಠ ಮುಂದುವರಿಸಿದೆ.

ಸಂಕ್ರಾಂತಿ ಕಳೆಯಿತು. ಗೂಡುಗಳು ಹೊತ್ತಿಕೊಂಡವು. ಮುನ್ಷಿ ಗೇಟಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. "ದೊಡ್ಡೋರು ಬನ್ರೋ, ಮಧ್ಯಾಹ್ನದವರೆಗೆ ಅಷ್ಟೇ." ಸುಂಕಮ್ಮನೂ ಇನ್ನು ಕೆಲವರೂ ಪುಸ್ತಕ ಮುಚ್ಚಿ ಎದ್ದರು. ನಾನು ಗೇಟಿಗೆ ಓಡಿದೆ. "ಪಾಠ ನಡೀತಾ ಇದೆ" ಅಂದೆ. "ನಡೀಲಿ ಟೀಚರೇ, ಸಣ್ಣೋರು ಇದಾರಲ್ಲ" ಅಂದ. "ಪರೀಕ್ಷೆ ಹತ್ತಿರ ಬಂತು." "ಸಾಯಂಕಾಲ ಓದ್ಕೋತಾರೆ." ಪ್ರತಿಯೊಂದಕ್ಕೂ ಅವನ ಹತ್ತಿರ ಉತ್ತರ ಇತ್ತು. ಬೇಕಾದ ಒಂದು ಮಾತು ಇರಲಿಲ್ಲ ನನ್ನಲ್ಲಿ. ಮಕ್ಕಳು ಹೋದರು. ಸಂಜೆ ಸುಂಕಮ್ಮ ನೋಟುಬುಕ್ಕು ತೆಗೆದುಕೊಳ್ಳಲು ಬಂದಾಗ ಅವಳ ಕಣ್ಣು ಕೆಂಪಗಿತ್ತು. "ಟೀಚರ್, ಕಣ್ಣು ಉರೀತದೆ" ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಎರಡೂ ಮಾತು ಒಟ್ಟಿಗೆ ನನ್ನ ಬಾಯಿಗೆ ಬಂದು ಬಿದ್ದವು. ಎಣ್ಣೆಯ ಹನಿ ಹಾಕಿ, ಬಟ್ಟೆಯ ತುದಿಯಿಂದ ಪುಡಿ ತೆಗೆದು, ಆಮೇಲೆ ತೊಳೆಯುತ್ತ, "ಕಣ್ಣು ಬಿಡು, ಇಲ್ಲಿ ನೋಡು, ಉರಿ ಕಮ್ಮಿ ಆಯ್ತಾ?" ಎಂದು ಮತ್ತೆ ಮತ್ತೆ ಕೇಳಿದೆ. ಸಂತೋಷಪಡುವುದೋ ಅಳುವುದೋ ತಿಳಿಯಲಿಲ್ಲ.

ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ಹಂಪಣ್ಣ ಮೇಷ್ಟ್ರು ನನ್ನ ಎದುರು ಕೂತು ಮೆಲ್ಲಗೆ ಹೇಳಿದರು, "ಇಷ್ಟು ದಿನ ನಿನ್ನಿಷ್ಟದ ಹಾಗೆ ನಡೆಸಿದೆ, ನಾನು ತಡೀಲಿಲ್ಲ. ಒಂದು ದಿನ ನನ್ನ ಮಾತು ಕೇಳು. ಪಠ್ಯದಲ್ಲಿ 'ನಮ್ಮ ಊರು' ಪಾಠ ಇದೆಯಲ್ಲ, ಅದನ್ನ ಒಂದು ಮಗುವಿಗೆ ಬಾಯಿಪಾಠ ಮಾಡಿಸು. ಸಾಹೇಬರಿಗೆ ಹೊಳೆ, ಗದ್ದೆ, ಕೋಗಿಲೆ ಅಂದ್ರೆ ಇಷ್ಟ. ಕಾಯಂ ಆಗ್ತೀಯ. ಆಮೇಲೆ ನಿನ್ನಿಷ್ಟ." ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಟ್ರಂಕಿನ ಮೇಲಿನ ಫೋಟೊ ನೆನಪಾಯಿತು. ಒಪ್ಪಿದೆ. ಸುಂಕಮ್ಮನ ಧ್ವನಿ ಚೆನ್ನಾಗಿತ್ತು, ಅವಳಿಗೇ ಕಲಿಸಿದೆ. 'ನಮ್ಮ ಊರಿನ ಬಳಿ ಹೊಳೆಯೊಂದು ಜುಳುಜುಳು ಹರಿಯುತ್ತದೆ. ಎಲ್ಲೆಲ್ಲೂ ಹಸಿರು ಗದ್ದೆಗಳು.' ಅವಳು ಒಂದು ಅಕ್ಷರ ತಪ್ಪದೆ ಕಲಿತಳು. ಕಲಿತ ಮೇಲೆ ಒಮ್ಮೆ ಕೇಳಿದಳು, "ಇದು ಯಾವೂರು ಟೀಚರ್?" "ಪುಸ್ತಕದ ಊರು" ಅಂದೆ. "ಪುಸ್ತಕದಲ್ಲಿ 'ನಮ್ಮ' ಅಂತ ಐತಲ್ಲ?" ನಾನು ಇನ್ನೊಂದು ಸಲ ಹೇಳಿಸಿದೆ.

ಆ ದಿನ ಅಣ್ಣನೂ ಬಂದ. ಬೆಳಗಿನ ಬಸ್ಸಿಗೇ ಬಂದು ಶಾಲೆಯ ಜಗುಲಿಯ ಮೇಲೆ ಕೂತ. ಖಾಲಿ ಕೈಲಿ ಬಂದಿರಲಿಲ್ಲ; ನನ್ನ ಟ್ರಂಕಿಗೆ ಕಟ್ಟಲು ಹಗ್ಗ ತಂದಿದ್ದ. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಪುಡಿ ಒರೆಸಿಕೊಂಡು, "ಶುರು ಮಾಡಿ" ಅಂದರು. ನಾನು ಪೀಠಿಕೆ ಹೇಳಿದೆ. "ಸುಂಕಮ್ಮ, ನಮ್ಮ ಊರಿನ ಬಗ್ಗೆ ಹೇಳು" ಅಂದೆ.

ಅವಳು ಎದ್ದು ನಿಂತಳು. ಮಾತಾಡಲಿಲ್ಲ. ಮರೆತಿದ್ದಾಳೆ ಎಂದುಕೊಂಡು ನಾನು ಎತ್ತಿಕೊಟ್ಟೆ: "ನಮ್ಮ ಊರಿನ ಬಳಿ..."

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಗೂಡಿನ ಹೊಗೆ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು. ನನ್ನ ಕಡೆ ತಿರುಗಿ ಅಂದಳು, "ಬೇಡ ಟೀಚರ್."

ಬೆಲ್ಲದ ಚೂರು ಇಟ್ಟ ಹಾಗೆ ಆ ಮಾತು ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ನಾನು ಅದನ್ನು ಆಡಲಿಲ್ಲ, ಹಾಗೇ ಹಿಡಿದುಕೊಂಡು ನಿಂತೆ.

"ಏನು ಬೇಡ?" ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು.

"ಅದು ಬೇಡ. ಹೊಳೆ ಇಲ್ಲ ಸಾರ್ ನಮ್ಮೂರಲ್ಲಿ. ಇದ್ದದ್ದು ಹೇಳ್ತೀನಿ." ಅವಳು ಉಸಿರು ತೆಗೆದುಕೊಂಡಳು. "ನಮ್ಮೂರಲ್ಲಿ ಕಲ್ಲು ಸುಡ್ತಾರೆ. ಅಪ್ಪ ಕೆಳಗೆ ಕಟ್ಟಿಗೆ ಇಡ್ತಾನೆ, ಮೇಲೆ ಕಲ್ಲು. ಹೊಗೆ ಕರೀದು ಬಂದ್ರೆ ಕಲ್ಲು ಹಸೀದು. ಬಿಳೀದು ಬಂದ್ರೆ ಬೆಂದದೆ. ನೀರು ಹಾಕಿದ್ರೆ ಕಲ್ಲು ಕೂಗ್ತದೆ. ಕೈ ನೋವು ಆಗ್ತದೆ. ಮುನ್ಷಿ ಸಾಕು ಅನ್ನಲ್ಲ. ನಾವೂ ಅನ್ನಲ್ಲ." ಅಲ್ಲಲ್ಲಿ ವ್ಯಾಕರಣ ಕಾಲು ಜಾರುತ್ತಿತ್ತು, ಅವಳು ನಿಲ್ಲಲಿಲ್ಲ. 'ಹೊಗೆ', 'ನೋವು', 'ಸಾಕು' ಒಂದೊಂದಾಗಿ ನನ್ನ ಬಾಯಿಗೆ ಬಂದು ಇಳಿದವು, ಸಂಜೆ ಕೊಟ್ಟಿಗೆಗೆ ದನ ಬರುವ ಹಾಗೆ. ಪಕ್ಕದ ಹುಡುಗ ಕೂತಲ್ಲಿಂದಲೇ, "ಕಲ್ಲು ಕೂಗಲ್ಲ ಕಣೇ, ಉಸ್ ಅಂತದೆ" ಎಂದು ತಿದ್ದಿದ. "ನೀನು ದೂರ ನಿಂತಿರ್ತೀಯ, ನಿನಗೆ ಉಸ್ ಕೇಳ್ತದೆ" ಅಂದಳು ಅವಳು. ಮಕ್ಕಳು ನಕ್ಕರು.

ಇನ್‌ಸ್ಪೆಕ್ಟರು ನಗಲಿಲ್ಲ. ಕೆಟ್ಟ ಮನುಷ್ಯರೇನಲ್ಲ, ಅವರ ಕೈಯಲ್ಲಿ ತುಂಬಬೇಕಾದ ಹಾಳೆ ಇತ್ತು. "ಮಗು ಚೂಟಿ ಇದೆ. ಆದ್ರೆ ಪಾಠ ಒಪ್ಪಿಸ್ಲಿಲ್ಲವಲ್ಲ ಟೀಚರ್. ಟೀಚರ್ ಕೇಳಿದ್ದಕ್ಕೆ ಎದುರು ಬೇರೆ ಹೇಳ್ತು. ನಾನು ಏನಂತ ಬರೀಲಿ? ಇನ್ನೊಂದು ಸಲ ಕೇಳಿ. ಪುಸ್ತಕದಲ್ಲಿದ್ದದ್ದು ಹೇಳಲಿ. ನಿಮಗೆ ಒಳ್ಳೇದು."

ಹಂಪಣ್ಣ ಮೇಷ್ಟ್ರು ಬಾಗಿಲಿಂದ ಕಣ್ಣಲ್ಲೇ ಬೇಡಿಕೊಂಡರು, ಕೇಳಮ್ಮ ಅಂತ. ಜಗುಲಿಯಲ್ಲಿ ಅಣ್ಣ ಎದ್ದು ನಿಂತು ಕಿಟಕಿಯಿಂದ ಇಣುಕುತ್ತಿದ್ದ. ಸುಂಕಮ್ಮ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಆ ಪಾಠ ಪೂರ್ತಿ ಬರುತ್ತಿತ್ತು. ಒಂದು ಮಾತು ಹೇಳಿದರೆ ಒಪ್ಪಿಸುತ್ತಿದ್ದಳು, ಬೇವಿನ ಎಲೆ ನುಂಗಿದ ಹಾಗೆ.

"ಬೇಡ ಸಾರ್" ಅಂದೆ.

ಎಷ್ಟೋ ತಿಂಗಳ ಮೇಲೆ ಆಡಿದ ಮಾತು. ಸ್ವಲ್ಪ ಜೋರಾಗಿಯೇ ಬಂತು. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಕಾರಣ ಹೇಳುತ್ತೇನೆಂದು ಕಾದರು. ನಾನು ಹೇಳಲಿಲ್ಲ. ಅವರು ಹಾಳೆಯಲ್ಲಿ ಏನೋ ಬರೆದು, ಮಡಿಸಿ, ಚಹಾ ಕುಡಿದು ಹೊರಟರು.

ಅಣ್ಣನಿಗೆ ಫಲಿತಾಂಶ ಕೇಳುವ ಅಗತ್ಯವೇ ಬೀಳಲಿಲ್ಲ. ಹಗ್ಗ ಬಿಚ್ಚುತ್ತ ಗಾಳೆಮ್ಮನ ಅಂಗಳಕ್ಕೆ ಬಂದ. "ಕೈಯಾರ ಕೆಡಿಸ್ಕೊಂಡಿ. ನಡಿ, ಟ್ರಂಕ ಎಲ್ಲೈತಿ?" ನಾನು ಫೋಟೊ ತಂದು ಅವನ ಕೈಗೆ ಕೊಟ್ಟೆ. "ಬ್ಯಾಡ ಅಣ್ಣ" ಅಂದೆ, ನಮ್ಮೂರ ಮಾತಿನಲ್ಲೇ.

"ಏನ ಬ್ಯಾಡ?"

"ಇದು ಬ್ಯಾಡ. ಹಗ್ಗ ಬ್ಯಾಡ. ನಾ ಇಲ್ಲೇ ಇರ್ತೀನಿ."

"ಕಾಯಂ ಆಗೂದಿಲ್ಲ ನಿಂದು."

"ಮುಂದಿನ ವರ್ಷ ನೋಡೂಣು. ಇಲ್ಲಾಂದ್ರ ಇನ್ನೊಂದು ಊರು."

ಅವನು ನನ್ನ ಬಾಯಿಯನ್ನೇ ನೋಡಿದ, ಒಳಗೆ ಇನ್ನೇನು ಬಂದಿದೆಯೋ ಎಂಬಂತೆ. ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಗಾಳೆಮ್ಮ ಊಟ ಮಾಡಿಕೊಂಡು ಹೋಗು ಅಂದರೂ ಕೂರಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಆದರೆ ಕಣ ಮುಗಿದ ಮೇಲೆ ಬಸ್ಸಿನ ಮೇಲೆ ಒಂದು ಮೂಟೆ ಜೋಳ ಬಂತು, ಕಟ್ಟಿದ್ದು ಅದೇ ಹಗ್ಗದಲ್ಲಿ.

ಗೂಡಿನ ಸುಗ್ಗಿ ಇನ್ನೂ ಉಳಿದಿತ್ತು. ಮುನ್ಷಿ ಮತ್ತೆ ಗೇಟಿಗೆ ಬಂದು ಚಪ್ಪಾಳೆ ತಟ್ಟಿದ. ನಾನು ಹೋಗಿ ಬಾಗಿಲು ಹಾಕುವ ಮಾತು ಆಡುವ ಮುಂಚೆಯೇ ನನ್ನ ಬೆನ್ನ ಹಿಂದೆ ಮಕ್ಕಳು ಆಡಿದರು. ಎಲ್ಲರೂ ಅಲ್ಲ. ಕೆಲವರು ಹೂಂ ಅಂದು ಅವನ ಹಿಂದೆ ಹೋದರು. ಅವರ ಮನೆಯ ಕಷ್ಟ ಅವರಿಗೆ ಗೊತ್ತು. ಸುಂಕಮ್ಮ ಹೋಗಲಿಲ್ಲ. ಮುನ್ಷಿ ನನ್ನ ಮೇಲೆ ರೇಗಿದ, "ಇದೇನಾ ನೀವು ಕಲಿಸೋದು?" "ಹೌದು" ಅಂದೆ.

ಬೇಸಿಗೆಯಲ್ಲಿ ಆದೇಶ ಬಂತು. ಕಾಯಂ ಇಲ್ಲ. ಇನ್ನೊಂದು ವರ್ಷ ಅತಿಥಿಯಾಗಿಯೇ ಮುಂದುವರಿಸಬಹುದು. ನಾನು ಸಹಿ ಹಾಕಿ ಕಳಿಸಿದೆ. ಹಂಪಣ್ಣ ಮೇಷ್ಟ್ರು ಪೇಟೆಗೆ ಹೋದವರು ಒಂದು ಗಿಡ ತಂದು, ಶಾಲೆಯ ಮೆಟ್ಟಿಲ ಪಕ್ಕದ ಒಡೆದ ಕೊಡದಲ್ಲಿ ನೆಟ್ಟು, ದಿನಾ ಎಲೆಯ ಮೇಲಿನ ಪುಡಿ ಒರೆಸತೊಡಗಿದರು. "ಏನು ಗಿಡ ಸಾರ್?" ಎಂದು ಕೇಳಿದೆ. "ಅದೇ, ಆ ಬಿಳೀದು" ಅಂದರು. "ಹೂ ಬಿಟ್ರೆ ಯಾವುದಾದ್ರೂ ಮಗು ಹೆಸರು ಹಿಡಿದು ಕೇಳಬಹುದು ನೋಡೋಣ."

ಜೂನಿನಲ್ಲಿ ಶಾಲೆ ತೆರೆಯುವ ಹಿಂದಿನ ದಿನ, ವರ್ಷ ಪೂರ್ತಿ ನನಗೆ ಬೇಕಾಗಬಹುದಾದ ಬೇಡಗಳನ್ನೆಲ್ಲ ಮುಂಗಡವಾಗಿ ಹೇಳಿ ಬಂದೆ. ಗಾಳೆಮ್ಮನಿಗೆ ಹೇಳಿದೆ, "ನನಗೆ ಮೂರನೇ ರೊಟ್ಟಿ ಬೇಡ. ಮುಂದೆ ನಾನು ಬಾಯಿಬಿಡದಿದ್ರೂ ಬೇಡ ಅಂತಲೇ ತಿಳ್ಕೋ." ಅವಳು, "ಈಗ ಬೇಡ, ಹಸಿವಾದಾಗ?" ಎಂದು ನಕ್ಕಳು. ಮೇಷ್ಟ್ರಿಗೆ ಹೇಳಿದೆ, "ಕೋಳಿ ಗಣತಿ ಬೇಡ." "ಈ ಸಲ ಕುರಿ ಗಣತಿ" ಅಂದರು. "ಅದೂ ಬೇಡ." ಅಣ್ಣನಿಗೆ ಹೇಳಬೇಕಾದದ್ದು ಆಗಲೇ ಹೇಳಿಯಾಗಿತ್ತು. ಚಹಾದಂಗಡಿಯವನು ಇದನ್ನೆಲ್ಲ ನೋಡಿ, "ಮತ್ತೆ ಅದನ್ನೇ ಕಲಿಸ್ತೀರಾ ಅಕ್ಕಾ?" ಅಂದ. "ಮೊದಲನೇ ದಿನವೇ" ಅಂದೆ.

ಹೊಸ ಮಕ್ಕಳು ಬಂದು ಕೂತರು. ಮುಂದಿನ ಸಾಲಿನಲ್ಲಿ ಸುಂಕಮ್ಮನ ತಂಗಿ, ಎರಡು ಜಡೆ. ನಾನು ಬೋರ್ಡಿನ ಮೇಲೆ 'ಬೇಡ' ಬರೆದೆ. ಓದಿಸಿದೆ. ಹಲ್ಲು ಬೀಳುವುದಕ್ಕೆ ಕಾಯುವವಳ ಹಾಗೆ ಬಾಯಿ ಗಟ್ಟಿ ಮಾಡಿಕೊಂಡು ನಿಂತೆ. ಏನೂ ಆಗಲಿಲ್ಲ. ಮೆಲ್ಲಗೆ ಹೇಳಿ ನೋಡಿದೆ, "ಬೇಡ." ಇತ್ತು. ಇನ್ನೊಂದು ಸಲ ಹೇಳಿದೆ. ಅಲ್ಲೇ ಇತ್ತು.

"ಟೀಚರ್, ಅದು ನಮಗೆ ಗೊತ್ತು" ಅಂದಳು ಆ ಪುಟ್ಟವಳು ಬೇಸರದಿಂದ. "ಅಕ್ಕ ಬೀದೀಲಿ ದಿನಾ ಅಂತಾಳೆ."

ನಾನು ಕಿಟಕಿಯಿಂದ ಕೈ ಚಾಚಿ ಬೇವಿನ ಒಂದು ಎಲೆ ಕಿತ್ತು, ಪುಡಿ ಊದಿ, ಅವಳ ಮುಂದೆ ಹಿಡಿದೆ. ಅವಳು ಎಲೆ ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ. ನೀನೇ ತಿನ್ನು."

"ನೀನೇ ಅನ್ನಬಾರ್ದು, ನೀವೇ" ಎಂದು ಪಕ್ಕದವಳು ತಿವಿದಳು.

"ನೀವೇ ತಿನ್ನಿ" ಅಂದಳು.

ತಿಂದೆ. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.